ಓಡಲೂ ಬೇಕು, ಹಾರಲೂ ಬೇಕು ಅಂದ್ರೆ ಬ್ಯಾಟರಿ ಏನು ಮಾಡಬೇಕು?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿ. ಮಗನಿಗೆ 10 ವರ್ಷ. ಹುಟ್ಟುಹಬ್ಬಕ್ಕೆ ಒಂದು ರಿಮೋಟ್ ಕಾರು ಕೊಡಿಸಿದೆವು. ನಾಲ್ಕು ಗಾಲಿ, ಮೇಲೆ ನಾಲ್ಕು ಪ್ರೊಪೆಲ್ಲರ್. ಒಂದು ಬಟನ್ ಒತ್ತಿದರೆ ಕಾರಿನ ಹಾಗೆ ಓಡುತ್ತದೆ, ಇನ್ನೊಂದು ಒತ್ತಿದರೆ ಡ್ರೋನ್ ಹಾಗೆ ಹಾರುತ್ತದೆ. 3,200 ರೂಪಾಯಿ ಆಯಿತು. ಡಬ್ಬಿ ಮೇಲೆ 20 ನಿಮಿಷ ಅಂತ ಬರೆದಿದೆ. ಪಡಸಾಲೆಯಲ್ಲಿ ಓಡಿಸಿದರೆ ಚೆನ್ನಾಗೇ ಓಡುತ್ತದೆ. ಹಾರಿಸಿದರೆ 4 ನಿಮಿಷಕ್ಕೆಲ್ಲ ಕೆಳಗೆ ಬಂದು ಕೂತುಬಿಡುತ್ತದೆ. ಎರಡನೇ ವಾರದಿಂದ ಇನ್ನೊಂದು ಕಾಟ ಶುರುವಾಗಿದೆ. ಮೇಲೆದ್ದ ಕೂಡಲೇ ಎಡಕ್ಕೇ ಜಾರುತ್ತದೆ. ಅಂಗಡಿಯವರು ದೊಡ್ಡ ಬ್ಯಾಟರಿ ಹಾಕಿಸಿ ಅಂತಾರೆ. ನಮ್ಮ ಯಜಮಾನರು ನೀನು ಮೋಸ ಹೋದೆ ಅಂತಾರೆ. ಮಾಳಿಗೆ ಮೇಲೆ ಹಾರಿಸೋಕೆ ಪರ್ಮಿಷನ್ ಏನಾದರೂ ಬೇಕಾ? ಮಗನದೂ ಒಂದು ಪ್ರಶ್ನೆ ಇದೆ: ಇದು ಗೋಡೆ ಹತ್ತುತ್ತಾ?

ಉತ್ತರ: ಮೊದಲು ಯಜಮಾನರಿಗೆ ಒಂದು ಮಾತು ಹೇಳಿಬಿಡಿ. ನೀವು ಮೋಸ ಹೋಗಿಲ್ಲ. ಈ ಜಾತಿಯ ಆಟಿಕೆ 4 ನಿಮಿಷ ಹಾರಿದರೆ ಅದು ಸರಿಯಾಗೇ ಕೆಲಸ ಮಾಡುತ್ತಿದೆ ಎಂದೇ ಅರ್ಥ. 5–6 ನಿಮಿಷ ಹಾರಿದರೆ ತುಂಬಾ ಚೆನ್ನಾಗಿದೆ ಅನ್ನಬೇಕು. ಡಬ್ಬಿಯ 20 ನಿಮಿಷದ ವಿಷಯಕ್ಕೆ ಬಂದರೆ, ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ಸಣ್ಣ ಅಕ್ಷರ ಓದಿ. ಕೆಲವರು ನೆಲದ ಮೇಲೆ ಓಡುವ ಸಮಯವನ್ನು ದೊಡ್ಡದಾಗಿ ಹಾಕಿರುತ್ತಾರೆ. ಕೆಲವರು ಎರಡು ಮೂರು ಬ್ಯಾಟರಿ ಕೊಟ್ಟು ಎಲ್ಲದರ ಲೆಕ್ಕ ಕೂಡಿಸಿರುತ್ತಾರೆ. ಸುಳ್ಳು ಅಂತ ಹಿಡಿಯೋಕೆ ಬರೋದಿಲ್ಲ, ನಿಜ ಅನ್ನೋಕೆ ಮನಸ್ಸೂ ಬರೋದಿಲ್ಲ.

4 ನಿಮಿಷವೇ ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳ ಉತ್ತರ ಹೆಚ್ಚುಕಡಿಮೆ ಅದರಲ್ಲೇ ಇದೆ.

ಗ್ಯಾಸ್ ಸಿಲಿಂಡರ್ ತರುವವರನ್ನು ನೋಡಿದ್ದೀರಲ್ಲ. ಓಣಿಯಲ್ಲಿ ಅದನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸಿಕೊಂಡು ಆರಾಮಾಗಿ ಬರುತ್ತಾರೆ. ಭಾರವನ್ನೆಲ್ಲ ನೆಲ ಹೊರುತ್ತದೆ, ಇವರು ಸುಮ್ನೆ ತಳ್ಳಿದರೆ ಸಾಕು. ಅದೇ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎರಡನೇ ಮಹಡಿ ಹತ್ತುವಾಗ ನೋಡಿ. ಹತ್ತೋದು ಹಾಗಿರಲಿ, ಬಾಗಿಲು ತೆಗೆಯುವವರೆಗೆ ಹೊತ್ತುಕೊಂಡು ನಿಂತರೂ ಬೆವರು ಇಳಿಯುತ್ತದೆ. ನಿಮ್ಮ ಆಟಿಕೆಗೂ ಅದೇ ಪಾಡು. ನೆಲದ ಮೇಲಿದ್ದಾಗ ಅದರ ಭಾರ ಗಾಲಿಗಳದ್ದು. ಗಾಳಿಯಲ್ಲಿದ್ದಾಗ ಅದರ ಭಾರವನ್ನು ಅದೇ ಹೊರಬೇಕು, ಪ್ರತಿ ಕ್ಷಣವೂ, ಸುಮ್ಮನೆ ನಿಂತಿದ್ದಾಗಲೂ.

ಅಂಕಿಯಲ್ಲಿ ಹೇಳೋದಾದರೆ, ಅಂಗೈಯಗಲದ ಇಂಥ ಆಟಿಕೆ ಸುಮಾರು 75 ಗ್ರಾಂ ತೂಗುತ್ತದೆ. ಒಳಗಿರೋದು 3.7 ವೋಲ್ಟಿನ ಒಂದೇ ಒಂದು ಲಿಥಿಯಂ ಪಾಲಿಮರ್ ಬ್ಯಾಟರಿ, 500 ಎಂಎಎಚ್ ಆಸುಪಾಸು. ಅಂದರೆ ಅರ್ಧ ಆಂಪಿಯರಿನಂತೆ ಒಂದು ಗಂಟೆ ಕರೆಂಟು ಕೊಡುವಷ್ಟು. ನೆಲದ ಮೇಲೆ ಓಡುವಾಗ ಇದು ಎಳೆಯೋದು ಅರ್ಧದಿಂದ ಒಂದು ಆಂಪಿಯರ್. ಹಾರುವಾಗ 3ರಿಂದ 4 ಆಂಪಿಯರ್. ನೀವೇ ಭಾಗಿಸಿ ನೋಡಿ. ಕಾಗದದ ಮೇಲೆ ಹಾರಾಟಕ್ಕೆ ಏಳೂವರೆಯಿಂದ ಹತ್ತು ನಿಮಿಷ ಸಿಗುತ್ತದೆ. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವ ಹಾಗಿಲ್ಲ, ಮಗ ಮೇಲೆ ಕೆಳಗೆ ಜಗ್ಗಾಡದೆ ಬಿಡೋದೂ ಇಲ್ಲ. ಕೊನೆಗೆ ಕೈಗೆ ಸಿಗೋದು 4–5 ನಿಮಿಷ.

ಇನ್ನು ಗಾಲಿಗಳು. ನೆಲದ ಮೇಲೆ ಅವೇ ಯಜಮಾನರು, ಗಾಳಿಯಲ್ಲಿ ಅವು ಬರೀ ಹೊರೆ. ಹಾರುವ ವಸ್ತುವಿಗೆ ತೂಕ ಹೆಚ್ಚಾದರೆ ಬೇಕಾಗುವ ಶಕ್ತಿ ಅಷ್ಟಕ್ಕೇ ನಿಲ್ಲೋದಿಲ್ಲ, ತೂಕವನ್ನು ಮೀರಿ ಏರುತ್ತದೆ. ಅದೇ ರೆಕ್ಕೆ (ಪ್ರೊಪೆಲ್ಲರ್) ಇಟ್ಟುಕೊಂಡು ತೂಕ ನಾಲ್ಕು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಇದನ್ನು ತೋರಿಸೋಕೆ ನನಗೆ ಇಷ್ಟವಾದ ಉದಾಹರಣೆ ಪ್ಯಾರೆಟ್ ಎಂಬ ಫ್ರೆಂಚ್ ಕಂಪನಿ 2014ರಲ್ಲಿ ತಂದ ರೋಲಿಂಗ್ ಸ್ಪೈಡರ್. ಪುಟ್ಟ ಡ್ರೋನ್, ಎರಡು ಪಕ್ಕಕ್ಕೂ ತಟ್ಟೆಯಂಥ ತೆಳ್ಳನೆಯ ದೊಡ್ಡ ಗಾಲಿ. ಗಾಲಿ ಬಿಚ್ಚಿದರೆ 55 ಗ್ರಾಂ, ಹಾಕಿದರೆ 65. ಗಾಲಿ ಇಲ್ಲದೆ 8 ನಿಮಿಷ, ಗಾಲಿ ಹಾಕಿ 6 ನಿಮಿಷ ಅಂತ ಕಂಪನಿಯೇ ಹೇಳಿತ್ತು. ತೂಕ ಏರಿದ್ದು ನೂರಕ್ಕೆ 18ರಷ್ಟು, ಹಾರಾಟ ಇಳಿದದ್ದು ನೂರಕ್ಕೆ 25ರಷ್ಟು. ಹತ್ತು ಗ್ರಾಂ ಅಂದರೆ ಎರಡು ಚಮಚ ಸಕ್ಕರೆ. ಅಷ್ಟಕ್ಕೆ ಎರಡು ನಿಮಿಷ ಹೋಯಿತು!

ದೊಡ್ಡವರ ಪ್ರಯೋಗಶಾಲೆಯಲ್ಲೂ ಇದೇ ಕತೆ. 2017ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದವರು ಗಾಲಿ ಇರುವ ಎಂಟು ಪುಟ್ಟ ಡ್ರೋನ್‌ಗಳನ್ನು ಒಂದು ಆಟದ ಊರಿನಲ್ಲಿ ಓಡಿಸಿ ಹಾರಿಸಿ ತೋರಿಸಿದರು. ಒಂದು ಚಾರ್ಜಿಗೆ ಅವು ಹಾರಿದರೆ ಸುಮಾರು 90 ಮೀಟರ್, ಓಡಿದರೆ 252 ಮೀಟರ್. ಗಾಲಿಯ ಸಾಮಾನು ಸೇರಿಸಿದ್ದಕ್ಕೆ ಹಾರುವ ದೂರದಲ್ಲಿ ನೂರಕ್ಕೆ 14ರಷ್ಟು ಕಡಿಮೆಯಾಯಿತು. ಅಂಥವರೇ ತಪ್ಪಿಸಿಕೊಳ್ಳಲಾಗದ್ದನ್ನು 3,200 ರೂಪಾಯಿಯ ಆಟಿಕೆ ತಪ್ಪಿಸಿಕೊಳ್ಳಬೇಕು ಅಂದರೆ ಹೇಗೆ, ಅಲ್ವಾ?

ಹಾಗಂತ ಯಾರೂ ಕೈಕಟ್ಟಿ ಕೂತಿಲ್ಲ. ಗಾಲಿ ಬರೀ ಹೊರೆಯಾಗಬಾರದು ಅಂತ ತಲೆ ಓಡಿಸಿದವರು ಬೇಕಾದಷ್ಟು ಜನ. 2013ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೊಬ್ಬರು ಬಳೆಯಂಥ ದೊಡ್ಡ ಗಾಲಿ ಮಾಡಿ, ಪ್ರೊಪೆಲ್ಲರನ್ನು ಆ ಬಳೆಯೊಳಗೇ ಕೂರಿಸಿ, ‘ಬಿ’ ಅಂತ ಒಂದೇ ಅಕ್ಷರದ ಹೆಸರಿಟ್ಟು ಹಾರುವ ಕಾರು ಮಾಡಿದ್ದರು. ಗಾಲಿ ಓಟಕ್ಕೂ ಆಯಿತು, ರೆಕ್ಕೆಗೆ ಬೇಲಿಯೂ ಆಯಿತು. ಅಮೆರಿಕದ ಕ್ಯಾಲ್‌ಟೆಕ್ ಎಂಬ ಇನ್ನೊಂದು ವಿಶ್ವವಿದ್ಯಾಲಯದ ಎಂ4 ರೋಬೋಟ್ ಇನ್ನೂ ಮುಂದೆ ಹೋಯಿತು. 2023ರಲ್ಲಿ ಬಂದ ಅದರ ನಾಲ್ಕು ಗಾಲಿಗಳು ಮಡಚಿಕೊಂಡು ಅಡ್ಡ ಮಲಗುತ್ತವೆ, ಒಳಗಿನ ರೆಕ್ಕೆ ತಿರುಗಿ ಅವೇ ಹಾರಿಸುತ್ತವೆ. ಚೆಂದವೇ ಚೆಂದ. ಆದರೆ ಅದು 6 ಕೆಜಿ ತೂಗುವ ಯಂತ್ರ, ಪಡಸಾಲೆಗೆ ತರುವಂಥದ್ದಲ್ಲ.

ಅಂಗಡಿಯಲ್ಲಿ ಸಿಗುವ ಆಟಿಕೆಗಳಲ್ಲಿ ಮುಖ್ಯವಾಗಿ ಎರಡು ಥರ. ಒಂದರಲ್ಲಿ ಗಾಲಿಗೆ ಮೋಟರೇ ಇಲ್ಲ. ಪ್ರೊಪೆಲ್ಲರ್ ಮೆಲ್ಲಗೆ ತಿರುಗಿ ಮುಂದಕ್ಕೆ ತಳ್ಳುತ್ತದೆ, ಗಾಲಿ ಉರುಳುತ್ತದೆ. ಇನ್ನೊಂದರಲ್ಲಿ ಗಾಲಿಗೆ ಬೇರೆ ಮೋಟರ್, ಹಲ್ಲುಚಕ್ರ ಎಲ್ಲ ಇರುತ್ತದೆ. ನಿಮ್ಮದು ಯಾವುದು ಅಂತ ತಿಳಿಯೋದು ಸುಲಭ. ಕಾರಿನ ಬಟನ್ ಒತ್ತಿ ಓಡಿಸಿ, ರೆಕ್ಕೆ ತಿರುಗುತ್ತಿದೆಯಾ ನೋಡಿ. ತಿರುಗದೆ ಓಡಿದರೆ ಎರಡನೇ ಥರದ್ದು. ಓಟಕ್ಕೆ ಅದೇ ವಾಸಿ, ಹಾರಾಟಕ್ಕೆ ಮೊದಲನೆಯದು ವಾಸಿ. ನಿಮ್ಮದರಲ್ಲಿ ಗಾಲಿ ಎಳೆದರೆ ಬಿಚ್ಚಿ ಬರುವಂತಿದ್ದರೆ ಮಗನ ಜೊತೆ ಒಂದು ಆಟ ಆಡಿ. ಅಡುಗೆಮನೆಯ ಅಥವಾ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಗಾಲಿ ಸಮೇತ ತೂಗಿ, ಬಿಚ್ಚಿ ತೂಗಿ. ಎರಡೂ ಸಲ ಫುಲ್ ಚಾರ್ಜ್ ಮಾಡಿ ಗಡಿಯಾರ ಹಿಡಿದು ಹಾರಿಸಿ. ಎಷ್ಟು ನಿಮಿಷ ಗಾಲಿ ತಿಂದಿತು ಅಂತ ಅವನೇ ಬರೆದಿಡಲಿ. ಒಂದು ಎಚ್ಚರಿಕೆ, ಮೋಟರ್ ಇರುವ ಗಾಲಿಯನ್ನು ಜಗ್ಗಿ ಕೀಳಬೇಡಿ, ತಂತಿ ಕಿತ್ತು ಬರುತ್ತದೆ.

ಈಗ ದೊಡ್ಡ ಬ್ಯಾಟರಿ. ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ, ಆದರೆ ನಾನು ಹಾಕಿಸೋದಿಲ್ಲ. 500ರ ಜಾಗಕ್ಕೆ 750 ಎಂಎಎಚ್ ಹಾಕಿದರೆ ಐದಾರು ಗ್ರಾಂ ಭಾರ ಹೆಚ್ಚಾಗುತ್ತದೆ. ಲೆಕ್ಕಕ್ಕೆ ಒಂದು ಒಂದೂವರೆ ನಿಮಿಷ ಹೆಚ್ಚು ಸಿಗಬೇಕು. ಆದರೆ ಈ ಆಟಿಕೆಗಳ ಮೋಟರ್ ಮೊದಲೇ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಿರುತ್ತದೆ. ಗಾಲಿ ಬೇರೆ ಹೊತ್ತಿದೆ. ಅದರ ಮೇಲೆ ಇನ್ನೂ ಭಾರ ಹೇರಿದರೆ ಬಿಸಿಯಾಗಿ ಬೇಗ ಸಾಯುತ್ತದೆ. ಇವುಗಳಲ್ಲಿರೋದು ಪೆನ್ಸಿಲ್ ದಪ್ಪದ ಬ್ರಷ್ ಮೋಟರ್. ಒಳಗಿನ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಣುಕು, ಸವೆದರೆ ಮುಗಿಯಿತು. ಅವುಗಳ ಆಯಸ್ಸನ್ನು ವರ್ಷದಲ್ಲಲ್ಲ, ಹಾರಿದ ಗಂಟೆಗಳಲ್ಲಿ ಎಣಿಸಬೇಕು. ಇನ್ನೊಂದು ತೊಂದರೆಯೂ ಇದೆ. ಅಗ್ಗದ ದೊಡ್ಡ ಬ್ಯಾಟರಿ 4 ಆಂಪಿಯರನ್ನು ಒಟ್ಟಿಗೆ ಕೊಡಲಾರದೆ ತಿಣುಕುತ್ತದೆ, ವೋಲ್ಟೇಜು ಕುಸಿಯುತ್ತದೆ. ಆಗ ದೊಡ್ಡ ಬ್ಯಾಟರಿ ಹಾಕಿಯೂ ಹಳೇ 4 ನಿಮಿಷವೇ ಗತಿ. ಅದೇ ದುಡ್ಡಿಗೆ ಮೊದಲಿನ ಅಳತೆಯದೇ, ಅದೇ ಪಿನ್ನಿನದೇ ಇನ್ನೊಂದು ಬ್ಯಾಟರಿ ತನ್ನಿ. ಒಂದು ಮುಗಿದ ಮೇಲೆ ಹತ್ತು ನಿಮಿಷ ಮೋಟರ್ ತಣ್ಣಗಾಗಲಿ, ಆಮೇಲೆ ಇನ್ನೊಂದು ಹಾಕಲಿ.

ಬ್ಯಾಟರಿ ಮಾತು ಬಂದಿದ್ದಕ್ಕೆ, ಓಡುವ-ಹಾರುವ ಆಟಿಕೆಗೇ ಮೀಸಲಾದ ಒಂದು ರೋಗ ಹೇಳಬೇಕು. ನನ್ನ ಹತ್ತಿರ ರಿಪೇರಿಗೆ ಬರುವ ಇಂಥವುಗಳಲ್ಲಿ ಸತ್ತ ಬ್ಯಾಟರಿಯೇ ಜಾಸ್ತಿ, ಕಾರಣವೂ ಹೆಚ್ಚಾಗಿ ಒಂದೇ. ಹುಡುಗರು ಹಾರಿಸುತ್ತಾರೆ. ಬ್ಯಾಟರಿ ಇಳಿಯುತ್ತದೆ, ಆಟಿಕೆ ತಾನಾಗೇ ನೆಲಕ್ಕೆ ಬಂದು ಕೂರುತ್ತದೆ. ಬರೀ ಡ್ರೋನ್ ಆಗಿದ್ದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ಇದರಲ್ಲಿ ಕಾರಿನ ಬಟನ್ ಇದೆಯಲ್ಲ! ಒತ್ತಿದರೆ ಓಡುತ್ತದೆ. ಹಾರೋಕೆ 4 ಆಂಪಿಯರ್ ಕೊಡಲಾಗದ ಬ್ಯಾಟರಿ ಓಡೋಕೆ ಅರ್ಧ ಆಂಪಿಯರನ್ನು ಇನ್ನೂ ಹತ್ತು ನಿಮಿಷ ಕೊಡುತ್ತದೆ. ಮಗು ಖುಷಿಯಾಗಿ ಓಡಿಸುತ್ತದೆ, ಗಾಲಿ ಪೂರ್ತಿ ನಿಲ್ಲುವವರೆಗೆ. ಫುಲ್ ಚಾರ್ಜಿನಲ್ಲಿ 4.2 ವೋಲ್ಟ್ ಇರುವ ಈ ಬ್ಯಾಟರಿ 3ಕ್ಕಿಂತ ಕೆಳಗಿಳಿದರೆ ಒಳಗೇ ಹಾಳಾಗುತ್ತದೆ. ಹೀಗೆ ಹತ್ತು ಸಲ ಮಾಡಿದರೆ 6 ನಿಮಿಷ ಹಾರುತ್ತಿದ್ದದ್ದು 4ಕ್ಕೆ ಬರುತ್ತದೆ, ಆಮೇಲೆ 2ಕ್ಕೆ. ಒಳ್ಳೆ ಆಟಿಕೆಗಳಲ್ಲಿ ತಾನೇ ಕರೆಂಟು ಕಡಿಯುವ ವ್ಯವಸ್ಥೆ ಇರುತ್ತದೆ. ಅಗ್ಗದವುಗಳಲ್ಲಿ ಅದನ್ನು ನಂಬಬೇಡಿ. ನಿಮ್ಮ ಮನೆಯಲ್ಲಿ ಈ ನಿಯಮ ಇಟ್ಟುಕೊಳ್ಳಿ: ಮೊದಲು ಹಾರಾಟ, ಇಳಿದ ಮೇಲೆ ಎರಡು ಸುತ್ತು ಓಟ, ಅಲ್ಲಿಗೆ ನಿಲ್ಲಿಸಿ ಬ್ಯಾಟರಿ ಬಿಚ್ಚೋದು. ಇಡೀ ದಿನ ಓಡಿಸೋದೇ ಆಸೆಯಾದರೆ ಅದಕ್ಕೆ ಅಂತ ಹಳೇ ಬ್ಯಾಟರಿ ಒಂದನ್ನು ಬೇರೆ ಇಡಿ.

ಚಾರ್ಜು ಮಾಡೋದು ಗೊತ್ತೇ ಇರುತ್ತದೆ, ಆದರೂ ಎರಡು ಮಾತು. ಹಾರಿ ಬಂದ ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಡಬ್ಬಿಯಲ್ಲಿ ಬಂದ ಯುಎಸ್‌ಬಿ ವೈರನ್ನೇ ಬಳಸಿ, ಹಾಸಿಗೆ ದಿಂಬಿನ ಮೇಲಿಡದೆ ಬರೀ ನೆಲದ ಮೇಲಿಟ್ಟು ಕಣ್ಣಳತೆಯಲ್ಲಿ ಚಾರ್ಜು ಮಾಡಿ, ರಾತ್ರಿ ಬಿಟ್ಟು ಮಲಗಬೇಡಿ. ಬ್ಯಾಟರಿ ಪೂರಿಯ ಹಾಗೆ ಉಬ್ಬಿದೆ ಅಂದರೆ ಅದರ ಕತೆ ಮುಗಿಯಿತು. ಚುಚ್ಚಬೇಡಿ, ಒತ್ತಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಪರೀಕ್ಷೆ ಅಂತ ತಿಂಗಳುಗಟ್ಟಲೆ ಎತ್ತಿಡುವಾಗ ಅರ್ಧ ಚಾರ್ಜಿನಲ್ಲಿಡಿ, ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು.

ಇನ್ನು ನಿಮ್ಮ ನಿಜವಾದ ತೊಂದರೆ, ಎಡಕ್ಕೆ ಜಾರೋದು. ಎರಡನೇ ವಾರದಿಂದ ಶುರುವಾಯಿತು ಅಂದಿರಿ. ಮೊದಲ ವಾರ ಸರಿಯಾಗಿತ್ತು ಅಂದರೆ ಆಟಿಕೆ ಹುಟ್ಟಾ ಕೆಟ್ಟದ್ದಲ್ಲ. ನನ್ನ ಅನುಮಾನ ಕೂದಲಿನ ಮೇಲೆ.

ನಗಬೇಡಿ. ಬರೀ ಹಾರುವ ಡ್ರೋನ್ ನೆಲದ ಕಸ ಮುಟ್ಟೋದು ಕಡಿಮೆ. ನಿಮ್ಮದು ದಿನಾ ಪಡಸಾಲೆ ಗುಡಿಸುತ್ತಿದೆ. ಸೋಫಾ ಕೆಳಗೆ, ಮಂಚದ ಕೆಳಗೆ, ಹೊಲಿಗೆ ಮಿಷನ್ ಪಕ್ಕದಲ್ಲಿ ಎಲ್ಲ ಓಡುತ್ತದೆ. ತಲೆಗೂದಲು, ದಾರದ ಎಳೆ ಮೊದಲು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಹಾರಲು ರೆಕ್ಕೆ ತಿರುಗಿದ ಕ್ಷಣ ಗಾಳಿಗೆ ಎದ್ದ ಕೂದಲು ರೆಕ್ಕೆಗೂ ಮೋಟರಿಗೂ ನಡುವಿನ ಸಂದಿಗೆ ಹೋಗಿ ಬಿಗಿಯುತ್ತದೆ. ಮೇಲಿಂದ ನೋಡಿದರೆ ಏನೂ ಕಾಣೋದಿಲ್ಲ. ಬ್ಯಾಟರಿ ಬಿಚ್ಚಿಡಿ. ನಾಲ್ಕೂ ರೆಕ್ಕೆಯನ್ನು ಒಂದೊಂದಾಗಿ ಬಾಯಿಂದ ಊದಿ ನೋಡಿ. ಮೂರು ಸಲೀಸಾಗಿ ತಿರುಗಿ ಮೆಲ್ಲಗೆ ನಿಲ್ಲುತ್ತವೆ. ಒಂದು ಟಕ್ ಅಂತ ನಿಂತುಬಿಡುತ್ತದೆ. ಅದೇ ನಿಮ್ಮ ಕಳ್ಳ, ಬಹುಶಃ ಎಡಗಡೆಯದ್ದು. ಆ ಮೂಲೆ ನಿಧಾನಕ್ಕೆ ತಿರುಗುತ್ತದೆ, ಅತ್ತ ಬಾಗುತ್ತದೆ, ಬಾಗಿದ ಕಡೆಗೆ ಜಾರುತ್ತದೆ. ಆ ರೆಕ್ಕೆಯನ್ನು ನೇರವಾಗಿ ಮೇಲಕ್ಕೆ ಎಳೆದು ತೆಗೆಯಿರಿ, ಕೆಲವದಕ್ಕೆ ಚಿಕ್ಕ ಸ್ಕ್ರೂ ಇರುತ್ತದೆ. ಕೆಳಗೆ ದಬ್ಬಣದ ದಪ್ಪದ ಕಡ್ಡಿಗೆ ಕಪ್ಪು ಉಂಗುರದ ಹಾಗೆ ಸುತ್ತಿಕೊಂಡಿರುತ್ತದೆ. ಸೂಜಿಯಿಂದ ಎತ್ತಿ, ಉಗುರು ಕತ್ತರಿಸುವ ಕಟರ್‌ನಿಂದ ಕಡಿದು, ಚಿಮುಟದಲ್ಲಿ ಎಳೆಯಿರಿ. ಹೋದ ತಿಂಗಳು ನಮ್ಮ ಅಕ್ಕನ ಮೊಮ್ಮಗನ ಆಟಿಕೆಯಿಂದ ಒಂದು ಗೇಣುದ್ದದ ಕೂದಲು, ಜೊತೆಗೆ ಝರಿಯ ಎಳೆ ಒಂದು ಬಂತು. ಹೋದ ಮದುವೆಯ ಸೀರೆಯದ್ದು ಅಂತ ಅಕ್ಕ ಗುರುತು ಹಿಡಿದಳು!

ರೆಕ್ಕೆ ತೆಗೆಯುವಾಗ ಅದು ಯಾವ ಮೂಲೆಯದ್ದು ಅಂತ ನೆನಪಿಟ್ಟುಕೊಳ್ಳಿ. ನಾಲ್ಕರಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ ತಿರುಗುತ್ತವೆ, ಎದುರುಬದುರು ಮೂಲೆಯವು ಒಂದೇ ದಿಕ್ಕು. ಹೆಚ್ಚಿನವುಗಳ ಮೇಲೆ ಸಣ್ಣದಾಗಿ ಎ, ಬಿ ಅಂತ ಅಚ್ಚು ಇರುತ್ತದೆ. ಅದಲುಬದಲಾದರೆ ಜಾರೋದಲ್ಲ, ಮೇಲೇಳುವಾಗಲೇ ಮಗುಚಿ ಬೀಳುತ್ತದೆ. ರೆಕ್ಕೆಯ ತುದಿ ನೆಲಕ್ಕೆ ಬಡಿದು ಚಿಪ್ಪೆದ್ದಿದೆಯಾ, ಬಿಳಿ ಗೆರೆ ಮೂಡಿದೆಯಾ ನೋಡಿ. ಮೂಡಿದ್ದರೆ ಬದಲಿಸಿ. ಡಬ್ಬಿಯಲ್ಲೇ ನಾಲ್ಕು ಹೆಚ್ಚಿನ ರೆಕ್ಕೆ ಕೊಟ್ಟಿರುತ್ತಾರೆ.

ಕೂದಲು ಸಿಗಲಿಲ್ಲವಾ? ಬ್ಯಾಟರಿ ಒಂದು ಪಕ್ಕಕ್ಕೆ ಸರಿದು ಕೂತಿದೆಯಾ, ಗಾಲಿಗೆ ಎಲ್ಲಾದರೂ ಚ್ಯೂಯಿಂಗ್ ಗಮ್ಮೋ ಸ್ಟಿಕ್ಕರೋ ಅಂಟಿದೆಯಾ ನೋಡಿ. 75 ಗ್ರಾಮಿನ ವಸ್ತುವಿಗೆ ಒಂದು ಪಕ್ಕದಲ್ಲಿ ಎರಡು ಗ್ರಾಂ ಅಂದರೆ ಕಡಿಮೆಯಲ್ಲ. ಅದೂ ಸರಿಯಿದ್ದರೆ ಮಟ್ಟ ಹೇಳಿಕೊಡಬೇಕು. ಆಟಿಕೆಯೊಳಗೆ ತಾನು ಎಷ್ಟು ಬಾಗಿದ್ದೇನೆ ಅಂತ ತಿಳಿಯುವ ಒಂದು ಎಲೆಕ್ಟ್ರಾನಿಕ್ ಚಿಪ್ ಇದೆ, ನಿಮ್ಮ ಮೊಬೈಲಿನಲ್ಲಿ ಪರದೆ ತಿರುಗಿಸುತ್ತದಲ್ಲ ಅದೇ ಜಾತಿಯದ್ದು. ನಾಲ್ಕೈದು ಸಲ ಗೋಡೆಗೆ ಗುದ್ದಿದ ಮೇಲೆ ಅದರ ಸೊನ್ನೆ ತಪ್ಪಿರುತ್ತದೆ. ಟೈಲ್ಸ್ ನೆಲದ ಮೇಲೆ ಸಮವಾಗಿಟ್ಟು ಆನ್ ಮಾಡಿ. ಸುಮಾರು ಆಟಿಕೆಗಳಲ್ಲಿ ರಿಮೋಟಿನ ಎರಡೂ ಕಡ್ಡಿಯನ್ನು ಬಲಗಡೆಯ ಕೆಳಮೂಲೆಗೆ ಒಟ್ಟಿಗೆ ಎಳೆದು ಹಿಡಿದರೆ ದೀಪ ಪಟಪಟ ಮಿನುಗಿ ನಿಲ್ಲುತ್ತದೆ. ಸೊನ್ನೆ ಸರಿಯಾಯಿತು ಅಂತ ಅರ್ಥ. ನಿಮ್ಮದರ ಚೀಟಿಯಲ್ಲಿ ಬೇರೆ ಥರ ಹೇಳಿದ್ದರೆ ಹಾಗೇ ಮಾಡಿ. ಕಾರ್ಪೆಟ್ ಮೇಲೆ, ಇಳಿಜಾರು ಅಂಗಳದಲ್ಲಿ ಮಾಡಬೇಡಿ, ಓರೆಯನ್ನೇ ನೇರ ಅಂದುಕೊಳ್ಳುತ್ತದೆ. ಆಮೇಲೂ ಚೂರು ಜಾರಿದರೆ ರಿಮೋಟಿನ ಟ್ರಿಮ್ ಬಟನ್ (ಜಾರೋದನ್ನು ಚೂರು ಚೂರೇ ಸರಿಪಡಿಸುವ ಬಟನ್) ಬಲಕ್ಕೆ ಒಂದೊಂದೇ ಸಲ ಒತ್ತಿ ನೋಡಿ.

ಇಷ್ಟೂ ಮಾಡಿ ಹಾಗೇ ಇದ್ದರೆ ಮೋಟರ್ ಸೋತಿದೆ. ಎರಡು ನಿಮಿಷ ಹಾರಿಸಿ ಇಳಿಸಿ, ನಾಲ್ಕೂ ಮೋಟರಿನ ಬುಡ ಮುಟ್ಟಿ ನೋಡಿ. ಒಂದು ಉಳಿದವಕ್ಕಿಂತ ಬಿಸಿಯಿದ್ದರೆ ಅದನ್ನು ಬದಲಿಸಬೇಕು. ಮೋಟರ್ ದುಬಾರಿಯಲ್ಲ, ಎರಡು ಸಣ್ಣ ಬೆಸುಗೆ ಅಷ್ಟೇ. ಮೊಬೈಲ್ ರಿಪೇರಿಯವರು ಮಾಡಿಕೊಡುತ್ತಾರೆ. ತಿರುಗುವ ದಿಕ್ಕು ಹೇಳಿ ತರಿಸಿ, ತಂತಿಯ ಬಣ್ಣ ನೋಡಿಕೊಳ್ಳಿ. ಒಂದು ಜೋಡಿಗೆ ಕೆಂಪು-ನೀಲಿ ತಂತಿ, ಇನ್ನೊಂದಕ್ಕೆ ಕಪ್ಪು-ಬಿಳಿ ಇರೋದು ರೂಢಿ.

ಹಾರಿಸುವಾಗ ಸೀಲಿಂಗ್ ಫ್ಯಾನ್ ಆಫ್ ಇರಲಿ. ಬಡಿಯುತ್ತದೆ ಅನ್ನೋದು ಒಂದು ಕಾರಣ. ರಿಮೋಟಿನ ಕಡ್ಡಿ ಬಿಟ್ಟರೂ ಅದೇ ಎತ್ತರದಲ್ಲಿ ನಿಲ್ಲುವ ಆಟಿಕೆಯಾದರೆ ಇನ್ನೊಂದು ಕಾರಣವೂ ಇದೆ. ಅದು ಎತ್ತರ ಅಳೆಯೋದು ಗಾಳಿಯ ಒತ್ತಡದಿಂದ. ಫ್ಯಾನಿನ ಗಾಳಿ ಬಡಿದರೆ, ಯಾರಾದರೂ ಬಾಗಿಲು ದಢಾರನೆ ಹಾಕಿದರೆ, ತಾನು ಮೇಲೋ ಕೆಳಗೋ ಹೋದೆ ಅಂದುಕೊಂಡು ಎಗರಾಡುತ್ತದೆ. ಗೋಡೆ, ಮೇಜಿನ ಹತ್ತಿರವೂ ತನ್ನ ಗಾಳಿಯೇ ತನಗೆ ತಿರುಗಿ ಬಡಿದು ತೂರಾಡುತ್ತದೆ. ಕೋಣೆಯ ನಡುವೆ, ಎದೆಯ ಎತ್ತರದಲ್ಲಿ ಹಾರಿಸೋದು ಒಳ್ಳೇದು. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿರೋದರಿಂದ ಗಾಳಿ ಮಂಗಳೂರಿಗಿಂತ ನೂರಕ್ಕೆ ಆರರಷ್ಟು ತೆಳು, ಬೆಂಗಳೂರಿನಲ್ಲಿ ಎಂಟರಷ್ಟು. ಮೋಟರ್ ಸ್ವಲ್ಪ ಜಾಸ್ತಿ ದುಡಿಯಬೇಕು. ರಜೆಗೆ ಕರಾವಳಿಗೆ ಹೋದಾಗ ತಗೊಂಡು ಹೋಗಿ ಹಾರಿಸಿ ನೋಡಿ, ಚುರುಕಾಗಿದೆ ಅಂತ ಮಗ ಹೇಳಿಯಾನು. ಮರಳಿನ ಮೇಲೆ ಮಾತ್ರ ಇಳಿಸಬೇಡಿ, ಹಲ್ಲುಚಕ್ರಕ್ಕೆ ಮರಳು ಹೋದರೆ ಬಿಡಿಸೋಕೆ ಆಗಲ್ಲ.

ಒಂದು ಅಪಾಯದ ವಿಷಯ. ಕಾರು ಅಂದುಕೊಂಡು ಮಕ್ಕಳು ಇದನ್ನು ಕೈಯಲ್ಲಿ ಹಿಡಿದೇ ಬಟನ್ ಒತ್ತುತ್ತಾರೆ. ಗಾಲಿ ತಿರುಗಬೇಕಿತ್ತು, ಹಾರುವ ಬಟನ್ ಒತ್ತಿ ಹೋಗಿರುತ್ತದೆ, ರೆಕ್ಕೆ ಬೆರಳಿಗೆ ಬಡಿಯುತ್ತದೆ. ನನಗೇ ಎರಡು ಸಲ ಆಗಿದೆ. ಬೆರಳಿಗೆ ಚುರುಕು ಅಷ್ಟೇ, ಕಣ್ಣಿಗಾದರೆ ದೊಡ್ಡ ಗಾಯ. ಬಿಚ್ಚುಗೂದಲಿನ ಹುಡುಗಿಯರು ಹತ್ತಿರ ಇದ್ದರೆ ಜಡೆ ಹಾಕಿಕೊಳ್ಳಲಿ. ಆಟಿಕೆ ನೆಲದ ಮೇಲಿದ್ದರೆ ಮಾತ್ರ ರಿಮೋಟ್ ಕೈಗೆ ಬರಬೇಕು. ಡಬ್ಬಿ ಮೇಲೆ ಐಎಸ್‌ಐ ಗುರುತು ಇದೆಯಾ ಅಂತಲೂ ನೋಡಿಬಿಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ.

ಪರ್ಮಿಷನ್ ವಿಚಾರ. ಗಾಲಿ ಇದ್ದ ಮಾತ್ರಕ್ಕೆ ಇದು ಕಾರು ಆಗೋದಿಲ್ಲ, ಹಾರಿದರೆ ಡ್ರೋನೇ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮತ್ತು ಅದರೊಳಗಿನದ್ದು ನ್ಯಾನೋ ಡ್ರೋನ್. ಅದನ್ನು ಹಾರಿಸೋಕೆ ಪೈಲಟ್ ಲೈಸೆನ್ಸ್ ಬೇಡ. ಆದರೆ ಎಲ್ಲಿ ಹಾರಿಸುತ್ತೀರಿ ಅನ್ನೋದು ಬೇರೆ ಮಾತು. ಆಕಾಶವನ್ನು ಕೆಂಪು, ಹಳದಿ, ಹಸಿರು ಅಂತ ಮೂರು ವಲಯ ಮಾಡಿದ್ದಾರೆ, ಡಿಜಿಟಲ್ ಸ್ಕೈ ಎಂಬ ಸರ್ಕಾರಿ ನಕ್ಷೆಯಲ್ಲಿ ನೋಡಬಹುದು. ಹಸಿರಿನಲ್ಲಿ 400 ಅಡಿವರೆಗೆ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಸುತ್ತು 8ರಿಂದ 12 ಕಿಲೋಮೀಟರ್ ನಡುವೆ ಆ ಮಿತಿ 200 ಅಡಿ. ಅದಕ್ಕೂ ಹತ್ತಿರ ಬಂದರೆ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ನಿಮ್ಮೂರಿನ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲೇ ಇದೆ. ಊರಿನ ಎಷ್ಟೋ ಬಡಾವಣೆಗಳು 8 ಕಿಲೋಮೀಟರ್ ಒಳಗೇ ಬರುತ್ತವೆ. ಹಾಗಾಗಿ ನಿಮ್ಮ ಮನೆ ನಕ್ಷೆಯಲ್ಲಿ ಎಲ್ಲಿದೆ ಅಂತ ನೋಡದೆ ಮಾಳಿಗೆ ಮೇಲೆ ಹಾರಿಸಬೇಡಿ.

ನಿಜ ಹೇಳಬೇಕೆಂದರೆ ನಿಯಮ ಇಲ್ಲದಿದ್ದರೂ ನಾನು ಮಾಳಿಗೆ ಬೇಡ ಅಂತಲೇ ಹೇಳುತ್ತಿದ್ದೆ. 75 ಗ್ರಾಮಿನ ಆಟಿಕೆಗೆ ನಾಲ್ಕು ಗಾಲಿ ಅಂದರೆ ಗಾಳಿಗೆ ನಾಲ್ಕು ಹಿಡಿ. ಬಟ್ಟೆ ಒಣಗಿ ಪಟಪಟ ಬಡಿಯುವಷ್ಟು ಗಾಳಿ ಸಾಕು, ಆಟಿಕೆ ನಿಮ್ಮ ಮಾತು ಕೇಳೋದಿಲ್ಲ. ರಿಮೋಟಿನ ಸಿಗ್ನಲ್ ಮೂವತ್ತು ಮೀಟರ್ ಹೋದರೆ ಹೆಚ್ಚು. ಪಕ್ಕದ ಮನೆ ದಾಟಿ ಅದರಾಚೆ ಮನೆಯ ಮಾಳಿಗೆಗೆ ಹೋಗಿ ಬೀಳುತ್ತದೆ, ತರೋಕೆ ಮಗ ಕಟ್ಟೆ ಹತ್ತುತ್ತಾನೆ. ಆ ಭಯವೇ ನನಗೆ ಜಾಸ್ತಿ. ಶಾಲೆಯ ಸಭಾಂಗಣವೋ ಯಾರದ್ದಾದರೂ ಖಾಲಿ ಗೋದಾಮೋ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಕೊನೆಗೆ ಮಗನ ಪ್ರಶ್ನೆ. ಮರಿ, ನಿನ್ನದು ಗೋಡೆ ಹತ್ತೋದಿಲ್ಲ. ಗೋಡೆ ಹತ್ತಬೇಕಾದರೆ ಗಾಲಿ ರೆಕ್ಕೆಗಿಂತ ದೊಡ್ಡದಿರಬೇಕು, ಮೇಲೂ ಕೆಳಗೂ ಮುಂದೂ ಚಾಚಿರಬೇಕು. ರೋಲಿಂಗ್ ಸ್ಪೈಡರ್ ಹತ್ತುತ್ತಿದ್ದದ್ದು ಅದಕ್ಕೇ. ನಿನ್ನದರ ಗಾಲಿ ಹೊಟ್ಟೆ ಕೆಳಗಿದೆ, ಗೋಡೆಗೆ ಹೋದರೆ ಮೊದಲು ರೆಕ್ಕೆಯೇ ಬಡಿಯುತ್ತದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಹಾಗೆ ಗೋಡೆ ಹತ್ತುವ ಹಾರುವ ಆಟಿಕೆ ನಿಜಕ್ಕೂ ಗೋಡೆ ಹತ್ತೋದೇ ಇಲ್ಲ. ಅದು ಹಾರುತ್ತಲೇ ಇರುತ್ತದೆ, ಗೋಡೆ ಕಡೆಗೆ ಸ್ವಲ್ಪ ಒರಗಿರುತ್ತದೆ, ಗಾಲಿ ಉರುಳೋದರಿಂದ ಹತ್ತಿದ ಹಾಗೆ ಕಾಣುತ್ತದೆ. ಮೋಟರ್ ಆಫ್ ಮಾಡಿದರೆ ಹಲ್ಲಿಯ ಹಾಗೆ ಅಂಟಿಕೊಳ್ಳೋದಿಲ್ಲ, ಧೊಪ್ ಅಂತ ಬೀಳುತ್ತದೆ. ಮುಂದೆ ಯಾವತ್ತಾದರೂ ಅಂಥದ್ದನ್ನೇ ತಗೊಂಡರೆ ಅಮ್ಮನನ್ನು ಕೇಳಿಯೇ ಗೋಡೆಗೆ ಬಿಡು. ನಾನು ಒಂದು ಸಲ ಕೇಳದೆ ಬಿಟ್ಟೆ, ಹಬ್ಬಕ್ಕೆ ಅಂತ ಬಣ್ಣ ಹೊಡೆಸಿ ಎಂಟು ದಿನವೂ ಆಗಿರಲಿಲ್ಲ. ಸ್ವಿಚ್ ಬೋರ್ಡಿನಿಂದ ಸೂರಿನವರೆಗೆ ರೈಲು ಹಳಿಯ ಹಾಗೆ ಎರಡು ಕಪ್ಪು ಗೆರೆ ಬಿದ್ದವು. ಒದ್ದೆ ಬಟ್ಟೆಗೂ ಹೋಗಲಿಲ್ಲ, ಈಗಲೂ ಅಲ್ಲೇ ಇವೆ. ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೇನೆ, ಅರ್ಧ ಮಾತ್ರ ಮುಚ್ಚುತ್ತದೆ.